ಹುಲಿ ಬಾಯಿ ತೆರೆಯಲಿಲ್ಲ

ಕಂಪನಿಗೆ ನಲವತ್ತು ವರ್ಷ ತುಂಬುವ ಸಂಭ್ರಮಕ್ಕೆ ‘ಪರದೆಯ ಹಿಂದಿನ ಸಂಗತಿಗಳು’ ಎಂಬ ಪ್ರದರ್ಶನ ಇಡುವುದೆಂದು ನಿಶ್ಚಯವಾದಾಗಿನಿಂದ ಸದ್ದಕ್ಕನಿಗೆ ಉಸಿರು ಬಿಡಲೂ ಪುರುಸೊತ್ತಿರಲಿಲ್ಲ. ಕಂಪನಿಯ ವಿಡಿಯೋ ಗೇಮುಗಳಿಗೆಲ್ಲ ಸದ್ದು ಕೂರಿಸಿದವಳು ಅವಳೇ ಆದ್ದರಿಂದ ಆ ಅಡ್ಡಹೆಸರು ಬಿದ್ದಿತ್ತು. ಸ್ವಂತ ಹೆಸರನ್ನು ಕೂಗುವವರು ಈಗ ಯಾರೂ ಉಳಿದಿರಲಿಲ್ಲ. ನಾಣ್ಯ ಸಿಕ್ಕಾಗ ಬರುವ ‘ಟಿಣ್’ ಯಾವುದರದ್ದು? ಚಮಚದ್ದು. ಹಿಮದ ಮೇಲೆ ನಡೆಯುವ ಸದ್ದು? ಹಿಟ್ಟಿನ ಚೀಲ ಹಿಸುಕಿದ್ದು. ಹೇಳಿದ್ದನ್ನೇ ಹೇಳಿ ಹೇಳಿ ಅವಳ ನಾಲಿಗೆ ಬಿದ್ದುಹೋಗಿತ್ತು.

ಪ್ರಚಾರ ವಿಭಾಗದ ಮುಖ್ಯಸ್ಥನಿಗೆ ಮಾತ್ರ ದಣಿವೆಂಬುದೇ ಇರಲಿಲ್ಲ. ಬೆಳಿಗ್ಗೆ ಅವಳು ಚೀಲ ಕೆಳಗಿಡುವ ಮೊದಲೇ ಹಾಜರಾದ.

“ಸದ್ದಕ್ಕ, ಇವತ್ತು ಹುಲಿ ಕತೆ. ಯಜಮಾನ್ರೇ ಬರ್ತಿದ್ದಾರೆ. ಕ್ಯಾಮೆರಾ ಮುಂದೆ ಅವ್ರು ಹೇಳ್ತಾರೆ, ನೀವು ಹೂಂ ಅಂತ ತಲೆ ಆಡಿಸಿದ್ರೆ ಸಾಕು.”

“ತಲೆ ಆಡಿಸೋಕೆ ಬೊಂಬೆ ಸಿಗ್ಲಿಲ್ವಾ?”

“ಬೊಂಬೆಗೆ ಇಷ್ಟು ವರ್ಷದ ಅನುಭವ ಇರಲ್ವಲ್ಲ,” ಎಂದು ನಕ್ಕು ಹೋದ.

ಕಂಪನಿಗೆ ಅನ್ನ ಹಾಕಿದ್ದು ಅದರ ಮೊದಲ ಗೇಮಿನ ಗುಹೆಯ ರಾಕ್ಷಸ. ಆಮೇಲೆ ಎಷ್ಟೋ ಗೇಮುಗಳು ಬಂದವು. ರಾಕ್ಷಸನ ಮೈಬಣ್ಣ ಬದಲಾಯಿತು, ಕೊಂಬು ಬಂತು, ಹೋಯಿತು. ಘರ್ಜನೆ ಮಾತ್ರ ಅದೇ. ಅದು ಮೃಗಾಲಯದ ಹುಲಿಯದ್ದೆಂದು ಯಜಮಾನರು ಎಂದೋ ಒಂದು ಸಂದರ್ಶನದಲ್ಲಿ ಹೇಳಿದ್ದು ಆಟಗಾರರ ಬಾಯಲ್ಲಿ ಬೆಳೆದು ಹೆಮ್ಮರವಾಗಿತ್ತು. ಸದ್ದಕ್ಕ ಅದನ್ನು ಅಲ್ಲಗಳೆಯಲು ಹೋಗಿರಲಿಲ್ಲ. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಅದೂ ಬರುತ್ತಿರಲಿಲ್ಲ.

ಯಜಮಾನರು ಊರುಗೋಲು ಹಿಡಿದು ಬಂದರು. ಅವಳ ಗಂಡನ ಅಣ್ಣ. ಗಂಡ ತೀರಿಕೊಂಡ ಮೇಲೆ ಒಬ್ಬರ ಮನೆಗೊಬ್ಬರು ಹೋಗಿಬರುವುದು ಕಡಿಮೆಯಾಗಿತ್ತು. ಆಫೀಸಿನಲ್ಲಂತೂ ಮೊದಲಿನಿಂದಲೂ ಅವಳು ಅವರನ್ನು ‘ಸರ್’ ಎಂದೇ ಕರೆಯುತ್ತಿದ್ದಳು. ಇಬ್ಬರನ್ನೂ ರೆಕಾರ್ಡಿಂಗ್ ಕೋಣೆಯಲ್ಲಿ ಅಕ್ಕಪಕ್ಕ ಕೂರಿಸಿ ದೀಪ ಹಾಕಿದರು. ಮುದುಕರ ಕಣ್ಣು ಮಿನುಗಿತು.

“ಆಗ ಟಯರ್ ಅಂಗಡಿ ಮೇಲೆ ಒಂದೇ ಕೋಣೆ ನಮ್ದು. ಘರ್ಜನೆ ಬೇಕಿತ್ತು. ಮೈಕು ಹೊತ್ಕೊಂಡು ಮೃಗಾಲಯಕ್ಕೆ ಹೋದ್ವಿ, ನಾನೂ ಇವಳೂ. ಬೋನಿನ ಆ ನಾತ ಈಗ್ಲೂ ಮೂಗಲ್ಲಿದೆ. ಸಂಜೆವರೆಗೂ ಕಾದ್ವಿ. ಕೊನೆಗೆ ಹುಲಿ ಎದ್ದು ನಿಂತು ಘರ್ಜಿಸ್ತು ನೋಡಿ, ಎದೆ ಝಲ್ ಅಂತು!” ಅವಳ ಕಡೆ ತಿರುಗಿದರು. “ಅಲ್ವೇನಮ್ಮಾ?”

ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಅವರಿಗೆ ಹಾಗೆಯೇ ನೆನಪಿತ್ತು, ಅದು ಅವಳಿಗೆ ಕಂಡಿತು. ಹುಲಿ ಇದ್ದರೆ ಇರಲಿ. ಆದರೆ ‘ನಾನೂ ಇವಳೂ’ ಎಂಬ ಮಾತಿಗೆ ತಲೆ ಆಡಿಸಲು ಅವಳಿಂದಾಗಲಿಲ್ಲ.

“ಮೂವರು ಹೋಗಿದ್ವಿ, ಭಾವ,” ಎಂದಳು.

ಆಫೀಸಿನ ನಾಲ್ಕು ಗೋಡೆಯೊಳಗೆ ಅವಳ ಬಾಯಿಂದ ‘ಭಾವ’ ಬಂದದ್ದು ಅದೇ ಮೊದಲು. ಕ್ಯಾಮೆರಾದವನು ಮುಖ್ಯಸ್ಥನ ಮುಖ ನೋಡಿದ.

“ನಿಮ್ಮ ತಮ್ಮನೂ ಇದ್ರು. ಮೈಕು ಹೊತ್ತಿದ್ದೇ ಅವ್ರು. ನೀವು ಮಧ್ಯಾಹ್ನಾನೇ ಹೊರಟುಬಿಟ್ರಿ. ಹುಲಿ ದಿನವಿಡೀ ಮಲಗಿತ್ತು, ಬಾಯಿ ತೆರೀಲೇ ಇಲ್ಲ. ಬರಿಗೈಲಿ ವಾಪಸ್ ಬಂದ್ವಿ. ಅವ್ರು ಗೇಮಿನ ಚಿತ್ರ ಬರೆಯೋಕೆ ಕೂತ್ರು, ಹಿಂದಿನ ರಾತ್ರಿನೂ ಕಣ್ಣು ಮುಚ್ಚಿರ್ಲಿಲ್ಲ. ಮೈಕು ಪಕ್ಕದಲ್ಲೇ ಇತ್ತು, ಆರಿಸೋದು ಮರೆತಿದ್ದೆ. ಅವ್ರು ಆಕಳಿಸಿದ್ರು. ನಾನು ಅದನ್ನೇ ನಿಧಾನ ಮಾಡಿ, ದಪ್ಪ ಮಾಡಿ ಹಾಕ್ದೆ. ನೀವು ಕೇಳಿ, ಹುಲಿ ಚೆನ್ನಾಗಿ ಬಂದಿದೆ ಅಂದ್ರಿ. ನಾವಿಬ್ರೂ ನಕ್ಕು ಸುಮ್ಮನಾದ್ವಿ.”

“ಇಲ್ಲಮ್ಮ. ನನಗೆ ಚೆನ್ನಾಗಿ ನೆನಪಿದೆ.”

ವಾದ ಮಾಡುವ ಶಕ್ತಿ ಅವಳಿಗಿರಲಿಲ್ಲ. ಎದ್ದು ಹೋಗಿ ಕಂಪ್ಯೂಟರ್ ತೆರೆದು, ರಾಕ್ಷಸನ ಘರ್ಜನೆಯನ್ನು ಅದರ ಮೂಲ ವೇಗಕ್ಕೆ ತಂದು ಕೇಳಿಸಿದಳು. ಉದ್ದನೆಯ ಆಕಳಿಕೆ. ಬಾಯಿ ಮುಚ್ಚುವಾಗ ದವಡೆ ‘ಲಟಕ್’ ಎಂದಿತು.

ಯಜಮಾನರು ಕೈಯೆತ್ತಿದರು. “ಇನ್ನೊಮ್ಮೆ ಹಾಕು.”

ಮತ್ತೆ ‘ಲಟಕ್’.

“ಗೋಡೆ ಮೇಲಿಂದ ಬಿದ್ದಿದ್ದ, ಚಿಕ್ಕವನಿದ್ದಾಗ,” ಎಂದರು ಮೆಲ್ಲಗೆ. “ಆವತ್ತಿಂದ ಊಟಕ್ಕೆ ಕೂತ್ರೆ ಹೀಗೇ ಸದ್ದು. ಅಮ್ಮ ರೇಗೋಳು.” ಊರುಗೋಲು ಪಕ್ಕಕ್ಕಿಟ್ಟು ಅವಳತ್ತ ತಿರುಗಿದರು. “ಅಷ್ಟು ಸುಸ್ತಾಗಿದ್ನಾ ಅವನು?”

“ಎಲ್ಲರೂ ಸುಸ್ತಾಗಿದ್ವಿ, ಭಾವ. ಅವ್ರು ಯಾವತ್ತೂ ಬಾಯಿಬಿಟ್ಟು ಹೇಳ್ತಿರ್ಲಿಲ್ಲ, ಅಷ್ಟೆ.”

ಮುಖ್ಯಸ್ಥ ಗಂಟಲು ಸರಿಮಾಡಿಕೊಂಡ. ಫಲಕಗಳು ಅಚ್ಚಾಗಿವೆ, ಅಂಗಿಗಳ ಮೇಲೆ ಹುಲಿ ಚಿತ್ರ ಬಂದಾಗಿದೆ, ಆಕಳಿಕೆಗೆ ಯಾರು ಮರುಳಾಗುತ್ತಾರೆ ಎಂದು ವಿನಯದಿಂದಲೇ ಕೇಳಿದ.

“ಅಂಗಿ ಮಾರ್ಕೋ, ನಾನು ಬೇಡ ಅನ್ನಲ್ಲ,” ಎಂದರು ಯಜಮಾನರು. “ಕತೆ ಮಾತ್ರ ಇದೇ ಇರ್ಲಿ. ಕ್ಯಾಮೆರಾ ಹಾಕು.”

ಅವರು ಮತ್ತೆ ಮೊದಲಿಂದ ಹೇಳಿದರು. ಈ ಸಲ ತಮ್ಮನಿದ್ದ, ಹುಲಿ ಮಲಗಿತ್ತು. ಆಕಳಿಸಿದ ಮೇಲೆ ಏನಾಯಿತು ಎಂದು ಮುಖ್ಯಸ್ಥ ಕೇಳಿದಾಗ, “ಏನಾಗುತ್ತೆ? ಬೇಗ ಮುಗ್ಸು ಅಂತ ಹೇಳಿರ್ತೀನಿ,” ಎಂದು ದೀಪದತ್ತ ಕಣ್ಣು ಕಿರಿದು ಮಾಡಿದರು. ಪ್ರದರ್ಶನದಲ್ಲಿ ಆ ಕೊನೆಯ ಮಾತಿಗೆ ಕತ್ತರಿ ಬಿದ್ದಿತ್ತು.

ಉದ್ಘಾಟನೆಯ ದಿನ ಆ ಮೂಲೆಯಲ್ಲಿ ಒಂದು ಕೆಂಪು ಗುಂಡಿ ಇಟ್ಟಿದ್ದರು. ಒತ್ತಿದರೆ ಮೊದಲು ರಾಕ್ಷಸ, ಆಮೇಲೆ ಆಕಳಿಕೆ. ಸದ್ದಕ್ಕ ಕಂಬಕ್ಕೆ ಒರಗಿ ನಿಂತು ನೋಡಿದಳು. ಅಂಗಿಯ ಮೇಲೆ ಹುಲಿ ಹೊತ್ತ ದಾಂಡಿಗನೊಬ್ಬ ಗುಂಡಿ ಒತ್ತಿ, ಕೇಳಿ, ನಕ್ಕು, ಬಾಯಿ ಅಗಲಿಸಿ ಆಕಳಿಸಿದ. ಅವನ ಹಿಂದಿನವಳೂ ಆಕಳಿಸಿದಳು. ಸಾಲಿನುದ್ದಕ್ಕೂ ಒಬ್ಬರಿಂದೊಬ್ಬರಿಗೆ ಅಂಟಿಕೊಂಡು ಹೋಯಿತು. ಗಂಡ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವಳಿಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ.

“ಭಾಷಣ ಶುರುವಾಗ್ತಿದೆ, ಸದ್ದಕ್ಕ. ಮುಂದಿನ ಸಾಲಲ್ಲಿ ನಿಮಗೆ ಕುರ್ಚಿ ಹಿಡಿದಿದ್ದೀನಿ,” ಎಂದ ಮುಖ್ಯಸ್ಥ.

“ಕಾಲು ನೋಯ್ತಿದೆಯಪ್ಪ. ಅಲ್ಲಿ ಭಾವನ ಪಕ್ಕ ನೀನೇ ಕೂತ್ಕೋ. ಅವ್ರಿಗೆ ಎಡಗಿವಿ ಕೇಳ್ಸಲ್ಲ, ಬಲಗಡೆ ಕೂತ್ಕೋ.”

ಚೀಲ ಹೆಗಲಿಗೇರಿಸಿಕೊಂಡು ಹೊರಬಂದಳು. ಬಸ್ಸು ಖಾಲಿಯಿತ್ತು. ಕಿಟಕಿ ಪಕ್ಕ ಕುಳಿತು, ಚಪ್ಪಲಿ ಬಿಚ್ಚಿ, ಎದುರು ಸೀಟಿನ ಕಂಬಿಯ ಮೇಲೆ ಕಾಲಿಟ್ಟಳು.