ಮಾತಾಡದ ಬಾಣಂತಿ

ಸೈಪ್ರೆಸ್‌ನ ಆ ಮನೆಯಲ್ಲಿ ಮಧ್ಯಾಹ್ನಗಳು ಮುಗಿಯುವುದನ್ನೇ ಮರೆತಂತಿದ್ದವು. ಅರ್ಧ ಮುಚ್ಚಿದ ಬ್ಲೈಂಡ್ಸ್ ಸಂದಿನಿಂದ ಬಿಸಿಲು ಕಾರ್ಪೆಟ್ಟಿನ ಮೇಲೆ ಗೆರೆಗೆರೆಯಾಗಿ ಬಿದ್ದು, ಸೋಫಾ ಹತ್ತಿ, ತೊಟ್ಟಿಲ ತನಕ ತೆವಳಿ, ಅಲ್ಲೇ ಮಂಕಾಗುತ್ತಿತ್ತು. ಬಾಣಂತಿಗೆ ಗಾಳಿ ತಾಗಬಾರದೆಂದು ಏಸಿ ಬಂದ್. ಅಜವಾನದ ಹೊಗೆ, ಹಾಲು, ಕುದಿಸಿದ ಮೆಂತ್ಯ, ಎಲ್ಲದರ ವಾಸನೆ ಬೆರೆತು ಗೋಡೆಗೂ ಅಂಟಿಕೊಂಡಿತ್ತು. ಆಸ್ಟಿನ್‌ನಿಂದ ರಜೆ ಹಾಕಿ ಎರಡು ತಾಸು ಕಾರು ಓಡಿಸಿಕೊಂಡು ಬಂದಿದ್ದ ಪ್ರೇರಣಾಳಿಗೆ ಇಡೀ ಮನೆ ಬೆಚ್ಚಗಿನ ನೀರಿನಲ್ಲಿ ಮುಳುಗಿದ ಹಾಗೆ ಅನಿಸುತ್ತಿತ್ತು. ಕೂಸಿನ ಅಳು ಕೂಡ ಎಲ್ಲೋ ದೂರದ ದಡದಿಂದ ಕೇಳಿದಂತೆ. ಅವಳಿಗೆ ಅದು ಹಿಡಿಸಿತ್ತು.

ಹೆತ್ತವಳು ನಿವೇದಿತಾ, ಧಾರವಾಡದ ಕಾಲೇಜಿನ ದಿನಗಳ ಗೆಳತಿ. ಗದಗಿನಿಂದ ಅವಳ ತಾಯಿ ಶಾಂತವ್ವ ಬಾಣಂತನಕ್ಕೆ ಬರಬೇಕಿತ್ತು. ಟಿಕೆಟ್ ಕೈಗೆ ಬಂದ ಮೇಲೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ನಿವೇದಿತಾಳ ಗಂಡ ಸಂಗಮೇಶ ಬೆಳಿಗ್ಗೆ ದ ವುಡ್‌ಲ್ಯಾಂಡ್ಸ್ ಊರಿನ ಆಫೀಸಿಗೆ ಹೊರಟರೆ ಬರುವುದು ಸಂಜೆ. ಭಾನುವಾರ ಪ್ರೇರಣಾ ವಾಪಸು ಹೋದರೆ ಹಗಲೆಲ್ಲ ಆ ಮನೆಯಲ್ಲಿ ನಿವೇದಿತಾ ಮತ್ತು ಕೂಸು, ಇಬ್ಬರೇ.

ಶಾಂತವ್ವ ಮಂಚದ ಮೇಲೆ ಕಾಲು ಚಾಚಿಕೊಂಡೇ ವಿಡಿಯೋ ಕಾಲಿನಲ್ಲಿ ಬಾಣಂತನ ನಡೆಸುತ್ತಿದ್ದರು. ಕಿವಿಗೆ ಅರಳೆ ಇಟ್ಟುಕೋ, ತಲೆಗೆ ಬಿಗಿಯಾಗಿ ಅರಿವೆ ಕಟ್ಟು, ತಣ್ಣೀರು ಮುಟ್ಟಬೇಡ. ಎಲ್ಲಕ್ಕಿಂತ ಹೆಚ್ಚಾಗಿ, "ಬಾಣಂತಿ ಭಾಳ ಮಾತಾಡಬಾರದು ಯವ್ವಾ. ಬಾಯಾಗಿಂದ ಗಾಳಿ ಹೊಕ್ಕತದ. ಮುಂದ ಸೊಂಟಾ ಹಿಡಕೋತದ."

ಹಾಸ್ಟೆಲಿನಲ್ಲಿ ದೀಪ ಆರಿದ ಮೇಲೂ ಬಾಯಿ ಮುಚ್ಚದ ನಿವೇದಿತಾ ಈ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಕೇಳಿದರೆ ಹೂಂ, ಉಹೂಂ. ಹತ್ತಿರದ ಊರು ಸ್ಟಾಫರ್ಡ್‌ನಿಂದ ಸಬ್ಬಸಿಗೆ ಸಾರು ತಂದ ಮೈಸೂರಿನ ರಾಜಲಕ್ಷ್ಮಿ ಆಂಟಿಗೆ ಅದನ್ನು ನೋಡಿ ಬಹಳ ಸಂತೋಷವಾಯಿತು.

"ಈಗಿನವರು ಎಲ್ಲಮ್ಮ ಕೇಳ್ತಾರೆ? ನಮ್ಮ ಸೊಸೆ ಆಸ್ಪತ್ರೆಯಿಂದ ಬಂದವಳೇ ಲ್ಯಾಪ್‌ಟಾಪ್ ತೆಗೆದು ಮೀಟಿಂಗ್ ಶುರು ಮಾಡಿದ್ಲು. ಈ ಹುಡುಗಿ ನೋಡು, ತುಟಿ ಬಿಚ್ಚಲ್ಲ. ಬಂಗಾರದಂಥ ಬಾಣಂತಿ."

ನಿವೇದಿತಾ ನಕ್ಕಳು. ಆ ನಗು, ನೆಟ್‌ವರ್ಕ್ ಸರಿಯಿಲ್ಲದ ವಿಡಿಯೋ ಕಾಲಿನಲ್ಲಿ ಬರುವ ಹಾಗೆ, ಸ್ವಲ್ಪ ತಡವಾಗಿ ಬಂತು. ಪ್ರೇರಣಾ ಅದನ್ನು ಕಂಡೂ ಕಾಣದವಳಂತೆ ಬಟ್ಟೆ ಮಡಚುತ್ತ ಕೂತಳು. ಮಾತಿಲ್ಲದೆ ಪಕ್ಕದಲ್ಲಿ ಕೂರಬಲ್ಲ ಗೆಳತಿ ಕೊನೆಗೂ ಸಿಕ್ಕಳು ಎಂದು ಅವಳಿಗೆ ಒಳಗೊಳಗೇ ಖುಷಿ. ಆ ಮೌನವನ್ನು ತಪ್ಪಾಗಿ ತಿಳಿದವರಲ್ಲಿ ಅವಳೇ ಮೊದಲಿಗಳು.

ಬಾಣಂತಿ ತಾನೇ ನೀರು ಹಾಕಿಕೊಳ್ಳಬಾರದು, ಇನ್ನೊಬ್ಬರು ಬೆನ್ನಿಗೆ, ಸೊಂಟಕ್ಕೆ ಬಿಸಿನೀರು ಎರೆಯಬೇಕು. ನಿವೇದಿತಾ ಮೊದಮೊದಲು ನಾಚಿ ಒಪ್ಪಿರಲಿಲ್ಲ. ಗುರುವಾರ ಶಾಂತವ್ವ ಫೋನಿನಲ್ಲಿ ಹಟ ಹಿಡಿದ ಮೇಲೆ ಬಾತ್‌ಟಬ್ಬಿನಲ್ಲಿ ಪ್ಲಾಸ್ಟಿಕ್ಕಿನ ಸ್ಟೂಲು ಹಾಕಿ ಕೂತಳು. ಪ್ರೇರಣಾ ಹಾರ್ಡ್‌ವೇರ್ ಅಂಗಡಿಯ ಬಕೆಟ್ಟಿನಲ್ಲಿ ನೀರು ತುಂಬಿ, ಅಡುಗೆಮನೆಯಲ್ಲಿ ಕಾಯಿಸಿದ್ದನ್ನೂ ಬೆರೆಸಿ, ಎರೆಯತೊಡಗಿದಳು. ಹಬೆ ಕನ್ನಡಿಯನ್ನು ಮುಚ್ಚಿತು, ದೀಪವನ್ನು ಮುಚ್ಚಿತು. ಗೆಳತಿಯ ಬೆನ್ನೊಂದೇ ಉಳಿಯಿತು.

"ಬಿಸಿ ಸಾಕೇನು?"

"ಗೊತ್ತಾಗವಲ್ದು."

ಪ್ರೇರಣಾ ಬಕೆಟ್ಟಿನಲ್ಲಿ ಬೆರಳು ಅದ್ದಿ ತಟ್ಟನೆ ಎಳೆದುಕೊಂಡಳು. "ಏ ಹುಚ್ಚಿ, ಚರ್ಮಾ ಸುಲೀತದ ಇದು. ಹೇಳಬಾರದೇನು?"

"ಯಾವುದೂ ಗೊತ್ತಾಗವಲ್ದು, ಪ್ರೇರೂ."

ಪ್ರೇರಣಾ ತಣ್ಣೀರು ಬೆರೆಸಿದಳು. ನಿವೇದಿತಾ ಮುಖ ತಿರುಗಿಸದೆ, ಎದುರಿನ ಟೈಲ್ಸಿಗೆ ಹೇಳುವವಳಂತೆ ಹೇಳಿದಳು: "ಕೂಸಿನ್ನ ಎತ್ಕೊಂಡ್ರ, ಯಾರೋ ಜರಾ ಹಿಡಕೋ ಅಂತ ಕೊಟ್ಟು ಹೋಗ್ಯಾರ ಅನಸ್ತದ. ಬಂದು ಒಯ್ದರ ಸಾಕು ಅಂತ ಬಾಗಲಾ ನೋಡ್ಕೋತ ಕೂಡ್ತೀನಿ. ಯಾರೂ ಬರವಲ್ರು."

"ಯಾವಾಗಿಂದ?"

"ದವಾಖಾನಿಯಿಂದ ಬಂದಾಗಿಂದ. ಅವ್ವ ಮಾತಾಡಬ್ಯಾಡ ಅಂದಿದ್ದು ಛಲೋ ಆತು. ಬಾಯಿ ತಗದ್ರ ಇದೇ ಬರ್ತದ. ಯಾರಿಗೂ ಹೇಳಬ್ಯಾಡ. ಸಂಗೂಗಂತೂ ಬ್ಯಾಡ."

ಪ್ರೇರಣಾ ಇನ್ನೊಂದು ತಂಬಿಗೆ ಎರೆದಳು. ಜನ ಅವಳಿಗೆ ಗುಟ್ಟು ಹೇಳುತ್ತಿದ್ದುದೇ ಅವಳು ಸುಮ್ಮನಿರುತ್ತಾಳೆಂದು. ಅವಳು ಎಂದೂ ಆಣೆ ಮಾಡಿದವಳಲ್ಲ. ಸುಮ್ಮನಿದ್ದರೆ ಸಾಕು, ಅದನ್ನೇ ಆಣೆ ಎಂದು ತಿಳಿದು ಅವರು ಹಗುರಾಗುತ್ತಿದ್ದರು. ಅದರ ಬಗ್ಗೆ ಅವಳಿಗೊಂದು ಹೆಮ್ಮೆಯೂ ಇತ್ತು. ಈಗ ಬೆನ್ನ ಮೇಲಿಂದ ಇಳಿಯುವ ನೀರನ್ನು ನೋಡುತ್ತ ನಿಂತಾಗ ಆ ಸುಮ್ಮನಿರುವಿಕೆ ತನ್ನಷ್ಟಕ್ಕೆ ಬೆಳೆಯುತ್ತಿರುವುದು ತಿಳಿಯಿತು. ಇನ್ನೊಂದಿಷ್ಟು ಬೆಳೆದರೆ ಅದು ಒಪ್ಪಿಗೆ. ಭಾನುವಾರ ಈ ಮಾತನ್ನು ಕಾರಿನಲ್ಲಿ ಹಾಕಿಕೊಂಡು ತಾನು ಆಸ್ಟಿನ್‌ಗೆ ಹೋಗುವುದು, ಇವಳು ಇಲ್ಲಿ ಬಾಗಿಲು ನೋಡುತ್ತ ಕೂರುವುದು.

"ಹೇಳ್ತೀನಿ," ಅಂದಳು. ಹಬೆಯಲ್ಲಿ ಅವಳ ದನಿ ಅವಳಿಗೇ ಬೇರೆ ಯಾರದೋ ಅನಿಸಿತು.

"ಏನಂದಿ?"

"ಸಂಜಿಕೆ ಸಂಗಮೇಶ್ ಬಂದ ಮ್ಯಾಲೆ ನೀ ಹೇಳು. ನೀ ಹೇಳಲಿಲ್ಲಂದ್ರ ನಾ ಹೇಳ್ತೀನಿ. ನಾಳೆ ಡಾಕ್ಟರ್ ಕಡೆ ಹೋಗೂಣು."

"ನಿನ್ನ ನಂಬಿ ಹೇಳೀನಿ ನಾ."

"ಹೌದು."

"ಹಂಗಾರ ಹೋಗು ನೀನು. ಈಗಿಂದೀಗ ಹೋಗು ಆಸ್ಟಿನ್‌ಗೆ."

"ತಲಿ ಒರಸಿ ಹೋಗ್ತೀನಿ. ಬಾಗು."

ನಿವೇದಿತಾ ಬಾಗಿದಳು. ತಲೆ ಒರೆಸಗೊಟ್ಟಳು. ಆಮೇಲೆ ಸಂಜೆಯವರೆಗೆ ಹೂಂ ಉಹೂಂ ಕೂಡ ಇಲ್ಲ. ಬಿಸಿಲಿನ ಗೆರೆಗಳು ತೊಟ್ಟಿಲು ಮುಟ್ಟಿದವು, ಮಂಕಾದವು. ಅದೇ ಮನೆ, ಅದೇ ನಿಶ್ಶಬ್ದ. ಆದರೆ ಪ್ರೇರಣಾಳಿಗೆ ಅದರಲ್ಲಿ ಉಸಿರಾಡುವುದೇ ಕಷ್ಟವಾಯಿತು.

ಸಂಗಮೇಶ ಬೂಟು ಬಿಚ್ಚುತ್ತಿದ್ದಾಗ ನಿವೇದಿತಾ ಕೋಣೆಯಿಂದ ಹೊರಗೆ ಬಂದಳು. ಬಚ್ಚಲಲ್ಲಿ ಹೇಳಿದ್ದನ್ನು ತುಂಡುತುಂಡಾಗಿ, ಹಿಂದುಮುಂದಾಗಿ ಹೇಳತೊಡಗಿದಳು.

"ನಿದ್ದಿ ಇಲ್ಲಲ್ಲ, ಅದಕ್ಕ ಹಂಗ ಅನಸ್ತದ. ಒಂದು ವಾರದಾಗ ಎಲ್ಲಾ..." ಎಂದು ಅವನು ಶುರು ಮಾಡಿದ.

"ಅಕಿ ಇನ್ನೂ ಮುಗಿಸಿಲ್ರಿ," ಎಂದಳು ಪ್ರೇರಣಾ.

ಸಂಗಮೇಶ ಒಂದು ಕಾಲಿನ ಬೂಟಿನಲ್ಲೇ, ಹೆಗಲ ಬ್ಯಾಗು ಇಳಿಸದೆ, ನೆಲದ ಮೇಲೆ ಕೂತುಬಿಟ್ಟ. ಪ್ರೇರಣಾ ಕೂಸನ್ನೆತ್ತಿಕೊಂಡು ಅಡುಗೆಮನೆಗೆ ಹೋದಳು. ಗೋಡೆಯಾಚೆ ನಿವೇದಿತಾಳ ದನಿ ನಿಂತು ನಿಂತು ಹರಿಯಿತು. ಬಹಳ ಹೊತ್ತಿನ ಮೇಲೆ ಸಂಗಮೇಶನ ಅಳು ಕೇಳಿಸಿತು. ಆಮೇಲೆ ಅವನೇ ಡಾಕ್ಟರ ಆಫೀಸಿಗೆ ಫೋನು ಮಾಡಿದ. ನರ್ಸ್ ನೇರವಾಗಿ ಕೇಳಿದಳು: ನಿನಗೆ ನೀನೇ ಆಗಲಿ ಕೂಸಿಗಾಗಲಿ ಏನಾದರೂ ಮಾಡಿಬಿಡಬೇಕು ಅನಿಸಿದೆಯಾ? ನಿವೇದಿತಾ ಫೋನು ಕೈಗೆ ತೆಗೆದುಕೊಂಡು ಇಲ್ಲ ಎಂದು ಸ್ಪಷ್ಟವಾಗಿ ಹೇಳಿದಳು. ಉಳಿದ ಎಲ್ಲ ಪ್ರಶ್ನೆಗೂ ಹೌದು. ಬೆಳಿಗ್ಗೆ ಬಂದುಬಿಡಿ ಎಂದಳು ನರ್ಸ್.

ವಿಡಿಯೋ ಕಾಲಿನಲ್ಲಿ ಎಲ್ಲ ಕೇಳಿದ ಶಾಂತವ್ವ ಫೋನನ್ನು ಮುಖದ ಹತ್ತಿರ ತಂದರು. "ಹಂಗಾರ ಮಾತಾಡು ಯವ್ವಾ," ಅಂದರು.

ಶುಕ್ರವಾರ ಬೆಳಿಗ್ಗೆ ರಸ್ತೆಯ ಮೇಲೆ ತೆಳುವಾದ ಮಂಜಿತ್ತು. ರಾತ್ರಿಯಿಡೀ ಕಣ್ಣು ಮುಚ್ಚದ ಸಂಗಮೇಶನಿಗೆ ಡ್ರೈವಿಂಗ್ ಬೇಡವೆಂದು ಪ್ರೇರಣಾಳೇ ಸ್ಟಿಯರಿಂಗ್ ಹಿಡಿದಳು. ಪಕ್ಕದ ಸೀಟಿನಲ್ಲಿ ಅವನು ಆಗಲೇ ತೂಕಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂಸಿನ ಪಕ್ಕ ಕೂತ ನಿವೇದಿತಾ ಗೇಟು ದಾಟುವ ಮೊದಲೇ ಶುರು ಮಾಡಿದಳು.

"ನೀ ಮಾಡಿದ್ದು ಬರೋಬರಿ ಅಲ್ಲ. ಭಾನುವಾರ ಹೋಗಾಕಿ ನೀನು. ಒಂದು ಮಾತು ಹೇಳಿ ಕೈ ಝಾಡಿಸಿಕೊಂಡು ಹೋಗ್ತಿ. ಇಲ್ಲಿ ಇರಾಕಿ ನಾನು."

"ಮುಂದಿನ ಎರಡು ವಾರ ಇಲ್ಲಿಂದನೇ ಕೆಲಸ ಮಾಡ್ತೀನಿ ಅಂತ ಆಫೀಸಿಗೆ ತಿಳಿಸೀನಿ."

"ಯಾರು ಕರದಾರ ನಿನ್ನ?"

"ಯಾರೂ ಕರದಿಲ್ಲ."

"ಮತ್ತ?"

ಪ್ರೇರಣಾ ಕನ್ನಡಿಯಲ್ಲಿ ನೋಡಿದಳು. ಕೂಸು ಮುಲುಗಿತು. ನಿವೇದಿತಾ ಅದರ ಮುಷ್ಟಿಯೊಳಗೆ ತನ್ನ ಬೆರಳು ತೂರಿಸಿದಳು. ಅಕ್ಕರೆಯಿಂದಲೋ ಬರೀ ಅಳು ತಡೆಯಲೆಂದೋ ಹೇಳುವಂತಿರಲಿಲ್ಲ. ಬೆರಳು ಅಲ್ಲೇ ಇರಗೊಟ್ಟು ಮತ್ತೆ ಬೈಯತೊಡಗಿದಳು. ಪ್ರೇರಣಾಳ ಅಡುಗೆಗೆ ಉಪ್ಪಿಲ್ಲ, ಮಡಚಿದ ಬಟ್ಟೆ ಒಂದೂ ನೆಟ್ಟಗಿಲ್ಲ, ಹಾಸ್ಟೆಲಿನಲ್ಲೂ ಹೀಗೇ, ಕೇಳದಿದ್ದಾಗ ಬಂದು ನಿಲ್ಲುವುದು, ಕರೆದರೆ ಓ ಅನ್ನದಿರುವುದು.

ಎದುರಿಗೆ ಫ್ರೀವೇ ಹೆದ್ದಾರಿ ಹತ್ತುವ ತಿರುವು ಬಂತು. ಹತ್ತಿದರೆ ಕ್ಷಣದಲ್ಲಿ ಡಾಕ್ಟರ ಬಾಗಿಲು. ಹೊತ್ತು ಇನ್ನೂ ಇತ್ತು. ಪ್ರೇರಣಾ ತಿರುವು ಬಿಟ್ಟು ಅದರ ಪಕ್ಕದಲ್ಲೇ ನಿಧಾನಕ್ಕೆ ಸಾಗುವ ಫೀಡರ್ ರಸ್ತೆಯನ್ನೇ ಹಿಡಿದು, ಸಿಗ್ನಲ್ ಸಿಗ್ನಲ್‌ಗೂ ನಿಲ್ಲುತ್ತ, ಅವಳ ಮಾತು ಕೇಳುತ್ತ ಹೋದಳು.