ಲಾವಂಚದ ತಟ್ಟಿ

ಸರೋಜಮ್ಮನವರಿಗೆ ಸೆಕೆ ಅಂದರೆ ಆಗದು. ಮಧುಗಿರಿ ಪೇಟೆಯ ಬೇಸಿಗೆಯನ್ನು ಕೇಳಬೇಕೆ? ಹಗಲೆಲ್ಲ ಕಾದ ಬೆಟ್ಟದ ಬಂಡೆ ಇರುಳೆಲ್ಲ ಬಿಸಿ ಉಗುಳುತ್ತದೆ. ಅಮಲ್ದಾರರ ಬಂಗಲೆಯಲ್ಲಿ ನೋಡಿಕೊಂಡು ಬಂದ ಮಗ ಮಹಾಲಿಂಗಯ್ಯ, ಅವ್ವನಿಗೂ ಇರಲಿ ಎಂದು ಪಡಸಾಲೆಯಿಂದ ಅಂಗಳಕ್ಕಿರುವ ಬಾಗಿಲಿಗೆ ಲಾವಂಚದ ಬೇರು ಹೆಣೆದ ತಟ್ಟಿ ಕಟ್ಟಿಸಿದ. ಅದಕ್ಕೆ ಗಳಿಗೆಗೊಮ್ಮೆ ನೀರೆರಚುವುದು ಆಳು ಹನುಮಕ್ಕನ ಕೆಲಸ. ಬಾವಿ ಸೇದಿ ಸೇದಿ ಅವಳ ಅಂಗೈ ಸುಲಿದಿತ್ತು. ತಟ್ಟಿಯ ಹಿಂದೆ ಘಮಘಮಿಸುವ ತಂಪಿನಲ್ಲಿ ಸರೋಜಮ್ಮ ಗೊರಕೆ ಹೊಡೆಯುತ್ತಿದ್ದರು. ಏನು ಪುಣ್ಯ ಮಾಡಿದ್ದರೋ!

ಅಂಗಳದಾಚೆಯ ಕೋಣೆಯಲ್ಲಿ ಸೊಸೆ ಜಗದಾಂಬ, ಒಂಬತ್ತು ದಿನದ ಬಾಣಂತಿ. ತಾಯಿಯಿಲ್ಲದವಳು, ತವರಿಗೆ ಕಳಿಸುವಂತಿರಲಿಲ್ಲ. ಕಿಟಕಿಗೆ ಗೋಣಿ, ಬೆಳಕಿಂಡಿಗೆ ಬೋರಲು ಮಡಕೆ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಕುಡಿಯಲು ದಿನಕ್ಕೆ ಒಂದೇ ಲೋಟ ಜೀರಿಗೆ ನೀರು. ವೈಶಾಖದ ಬಿಸಿಲಲ್ಲೂ ಬಾಣಂತಿಗೆ ಶೀತವಾಗುತ್ತದಂತೆ!

“ಆರು ಹೆತ್ತೋಳು ನಾನು. ಇಂಗೇ ಬೆಂದು ಎದ್ದೆ,” ಎನ್ನುತ್ತಿದ್ದರು ಸರೋಜಮ್ಮ. ಆರರಲ್ಲಿ ಉಳಿದವನು ಮಹಾಲಿಂಗಯ್ಯ ಒಬ್ಬನೇ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗಿತ್ತು?

ಆ ಮಧ್ಯಾಹ್ನ ಹನುಮಕ್ಕ ಕೊಡ ಹೊತ್ತು ಬಂದಾಗ ಜಗದಾಂಬ ತಟ್ಟಿಯ ಬುಡದಲ್ಲಿ ಮಂಡಿಯೂರಿ, ತೊಟ್ಟಿಕ್ಕುವ ನೀರನ್ನು ನೆಕ್ಕುತ್ತಿದ್ದಳು. ಮಡಿಲ ಕೂಸಿನ ಮೈ ಸುಡುತ್ತಿತ್ತು. ಅಳಲೂ ಅದಕ್ಕೆ ತ್ರಾಣವಿರಲಿಲ್ಲ.

“ಹನುಮಕ್ಕಾ, ಒಂದ್ ಗುಟುಕು ಕೊಡು. ಎದೇಲಿ ಹಾಲೇ ಇಲ್ಲ. ಮಗ ಸತ್ತೋಯ್ತದೆ ಕಣಮ್ಮ.”

ಹನುಮಕ್ಕ ಅತ್ತಿತ್ತ ನೋಡಿದಳು. ಕೊಡ ಬಗ್ಗಿಸಿದಳು ಕೂಡ. ಅಷ್ಟರಲ್ಲಿ ಗೊರಕೆ ನಿಂತಿತು, ತಟ್ಟಿ ಸರಿಯಿತು.

“ಅಯ್ಯೋ ಹಾಳಾದೋಳೇ, ಗಾಳಿಗೆ ಬಂದ್ಯಾ? ನನ್ನ ಮೊಮ್ಮಗನ್ನ ತಿಂದ್ಬುಡ್ತೀಯಾ?” ಸರೋಜಮ್ಮ ಸೊಸೆಯ ಜಡೆ ಹಿಡಿದೆಳೆದು ಕೋಣೆಗೆ ನೂಕಿದರು. “ಮಗೀಗೆ ಸೀತ ಹೊಕ್ಕಿರ್ತದೆ. ಲೇ ಹನುಮಿ, ಇನ್ನೊಂದ್ ಬಾಣ್ಲಿ ಕೆಂಡ ತಾ!”

ಹನುಮಕ್ಕ ತಂದಳು. ತರದೆ ಏನು ಮಾಡಿಯಾಳು? ಈ ಮನೆ ಬಿಟ್ಟರೆ ಅವಳಿಗೆ ಮುದ್ದೆ ಹುಟ್ಟುವ ಮನೆ ಇನ್ನೊಂದಿರಲಿಲ್ಲ. ಸರೋಜಮ್ಮ ಹೊರಗಿನಿಂದ ಚಿಲಕ ಜಡಿದರು. ಬಾಗಿಲು ಬಡಿಯುವ ಸದ್ದು ಸ್ವಲ್ಪ ಹೊತ್ತು ಕೇಳಿತು. ಹನುಮಕ್ಕ ತಟ್ಟಿಗೆ ನೀರೆರಚುತ್ತಲೇ ಇದ್ದಳು.

ದೀಪ ಹಚ್ಚುವ ಹೊತ್ತಿಗೆ ಮಹಾಲಿಂಗಯ್ಯ ಅಂಗಡಿಯಿಂದ ಬಂದು ಚಿಲಕ ತೆಗೆದ. ಕೂಸಿನ ಉಸಿರು ನಿಂತು ಎಷ್ಟೋ ಹೊತ್ತಾಗಿತ್ತು. ಜಗದಾಂಬ ಅದಕ್ಕೆ ಸೆರಗಿನಿಂದ ಇನ್ನೂ ಗಾಳಿ ಬೀಸುತ್ತಿದ್ದಳು.

ಸರೋಜಮ್ಮ ಎದೆ ಬಡಿದುಕೊಂಡರು. “ಇವಳೇ ಕಣಪ್ಪಾ! ಗಾಳಿಗೆ ತಂದು, ತಣ್ಣೀರ್ ಕುಡಿದು, ಕೊಂದ್ಬುಟ್ಲು! ಹನುಮಿ, ನೀನೇ ನೋಡ್ದೆ ಅಲ್ವೇನೇ?”

ಮಹಾಲಿಂಗಯ್ಯ ತಿರುಗಿ ನೋಡಿದ. ಜಗದಾಂಬಳೂ ನೋಡಿದಳು.

“ಹೂಂ ಬುದ್ದಿ. ತಟ್ಟಿ ತಾವ ಕುಂತಿದ್ರು,” ಅಂದಳು ಹನುಮಕ್ಕ. ಸುಳ್ಳೇನಲ್ಲವಲ್ಲ, ಹಾಳು ಬಾಯಿ!

ಮಹಾಲಿಂಗಯ್ಯ ಹೆಂಡತಿಯ ಕೆನ್ನೆಗೆ ಬಾರಿಸಿದ. ಸರೋಜಮ್ಮ ಕಣ್ಣೊರೆಸಿಕೊಂಡು ಹನುಮಕ್ಕನ ಕಡೆ ತಿರುಗಿದರು. “ಇನ್ನು ಊರೋರೆಲ್ಲ ಬತ್ತಾರೆ. ಜನ ಸೇರಿದ್ರೆ ಕೂರಕ್ಕಾಗಲ್ಲ, ಸೆಕೆ. ತಟ್ಟಿಗೆ ಇನ್ನೆರಡು ಕೊಡ ಹುಯ್ಯಿ.”

ಹನುಮಕ್ಕ ಕೊಡ ಎತ್ತಿಕೊಂಡು ಬಾವಿಗೆ ಹೋದಳು.