ತೊಂಬತ್ತೊಂದು ಕಿಲೋ

ನಾನು ಒಂದು ಕಾಟಾ. ಅಂಗಡಿಯಲ್ಲಿ ಚೀಲ ತೂಗುವ ಯಂತ್ರಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ಕಬ್ಬಿಣದ ಹಲಗೆ, ಅದರ ಕೆಳಗೊಂದು ದಪ್ಪ ಸ್ಪ್ರಿಂಗು, ಎದೆಯೆತ್ತರದ ಕಂಬ, ಕಂಬದ ತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಗಾಜಿನ ಮುಖ. ಮುಖದ ಮೇಲೆ ಸೊನ್ನೆಯಿಂದ ಇನ್ನೂರರವರೆಗೆ ಅಂಕಿಗಳು, ಒಂದು ಕಪ್ಪು ಮುಳ್ಳು. ನನ್ನನ್ನು ಜೋಡಿಸಿದವನು ಇಪ್ಪತ್ತು ಕಿಲೋದ ಕಲ್ಲುಗಳನ್ನು ಒಂದೊಂದಾಗಿ ಹೇರಿ, ಮುಳ್ಳು ಸರಿಯಾಗಿ ನಿಲ್ಲುವವರೆಗೆ ಸ್ಕ್ರೂ ತಿರುಗಿಸಿದ. ಆಮೇಲೆ ಇಲಾಖೆಯವರು ಬಂದು ಸೀಸದ ಮುದ್ರೆ ಒತ್ತಿದರು. ಇದು ಸುಳ್ಳು ಹೇಳುವುದಿಲ್ಲ ಎಂಬುದಷ್ಟೇ ಆ ಮುದ್ರೆಯ ಅರ್ಥ. ಇದು ಪೂರ್ತಿ ಸತ್ಯ ಹೇಳುತ್ತದೆ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಎರಡರ ನಡುವಿನ ವ್ಯತ್ಯಾಸ ನನಗೆ ತಿಳಿದದ್ದು ಬಹಳ ತಡವಾಗಿ.

ಮೊದಲು ನನ್ನನ್ನು ಕೊಂಡವರು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಗುರುಶಾಂತಪ್ಪ ಹಲಗೇರಿ. ಅವರ ಅಂಗಡಿಯಲ್ಲಿ ಒಂಬತ್ತು ವರ್ಷ ನಿಂತೆ. ಬೆಳಗಿನಿಂದ ಸಂಜೆಯವರೆಗೆ ಚೀಲ ಹತ್ತುತ್ತಿದ್ದವು, ಇಳಿಯುತ್ತಿದ್ದವು. ಹಮಾಲ ನನ್ನ ಮುಖ ನೋಡಿ ತೂಕವನ್ನು ಗಟ್ಟಿಯಾಗಿ ಒದರುವುದು, ಹತ್ತು ಮಾರು ದೂರ ಗಾದಿಯ ಮೇಲೆ ಕೂತ ಗುಮಾಸ್ತ ಅದನ್ನು ಬರೆದುಕೊಳ್ಳುವುದು ಅಲ್ಲಿನ ಪದ್ಧತಿ. ನಾಲ್ಕು ಜನರ ಕಿವಿಗೆ ಬಿದ್ದರೆ ಮೋಸ ಆಗುವುದಿಲ್ಲ ಎಂಬ ಲೆಕ್ಕ.

ಆದರೆ ಗುರುಶಾಂತಪ್ಪನವರು ನನ್ನೊಬ್ಬನನ್ನೇ ನಂಬುತ್ತಿರಲಿಲ್ಲ. ತೂಕ ಕೇಳಿದ ಮೇಲೂ ಎದ್ದು ಬಂದು, ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ತಳದ ಕಾಯಿ ತೆಗೆದು ಹಿಚುಕಿ ನೋಡುತ್ತಿದ್ದರು. ಕಾಯಿಗೆ ನೀರು ಚಿಮುಕಿಸಿದ್ದರೆ ಚೀಲ ಭಾರವಾಗುತ್ತದೆ. ಭಾರ ಎಷ್ಟು ಎಂದು ಹೇಳುವುದು ನನ್ನ ಕೆಲಸ, ಯಾತರ ಭಾರ ಎಂದು ತಿಳಿಯುವುದು ತಮ್ಮ ಕೆಲಸ ಎಂದು ಅವರು ತಿಳಿದಿದ್ದರು. ಓದಿದ್ದು ನಾಲ್ಕನೇ ಇಯತ್ತೆ.

ಪೇಟೆಗೆ ಎಲೆಕ್ಟ್ರಾನಿಕ್ ಕಾಟಾ ಬಂದಾಗ ನಾನು ಮೂಲೆ ಸೇರಿದೆ. ಅದೇ ವರ್ಷ ಗುರುಶಾಂತಪ್ಪನವರ ತಮ್ಮನ ಮಗ ಚನ್ನವೀರ ಡಾಕ್ಟರಾಗಿ ರಾಣೆಬೆನ್ನೂರಿನಲ್ಲಿ ದವಾಖಾನೆ ತೆರೆದ. ಮನೆಯಲ್ಲೇ ಕಾಟಾ ಇರುವಾಗ ಹೊಸದು ಯಾಕೆಂದು ದೊಡ್ಡಪ್ಪ ನನಗೆ ನೀಲಿ ಬಣ್ಣ ಹೊಡೆಸಿ ಟೆಂಪೋದಲ್ಲಿ ಹೇರಿ ಕಳಿಸಿದರು. ಡಾಕ್ಟರರ ಕೋಣೆ ಸಣ್ಣದು, ನಾನು ಹಿಡಿಸಲಿಲ್ಲ. ರೋಗಿಗಳು ಕಾಯುವ ಹಾಲಿನಲ್ಲಿ, ಎರಡು ಸಾಲು ಬೆಂಚುಗಳ ಎದುರಿಗೆ ನನ್ನನ್ನು ಇಟ್ಟರು. ಹೀಗಾಗಿ ನನ್ನ ಜೊತೆ ಅಂಗಡಿಯ ಪದ್ಧತಿಯೂ ದವಾಖಾನೆಗೆ ಬಂತು. ನರ್ಸ್ ಎಸ್ತೇರಕ್ಕ ರೋಗಿಯನ್ನು ನನ್ನ ಮೇಲೆ ನಿಲ್ಲಿಸಿ ತೂಕ ಒದರುವುದು, ಪರದೆಯ ಆಚೆ ಕೂತ ಡಾಕ್ಟರು ಬರೆದುಕೊಳ್ಳುವುದು. ಚೀಲಗಳಿಗೆ ಇದರಿಂದ ಏನೂ ಆಗಿರಲಿಲ್ಲ.

ಡಾಕ್ಟರ್ ಚನ್ನವೀರ ಕೆಟ್ಟ ಮನುಷ್ಯನಲ್ಲ. ಬಡವರಿಗೆ ಔಷಧಿ ಪುಗಸಟ್ಟೆ ಕೊಡುತ್ತಿದ್ದ, ಊಟ ಬಿಟ್ಟು ರೋಗಿಗಳನ್ನು ನೋಡುತ್ತಿದ್ದ. ಕಾಲೇಜಿನಲ್ಲಿ ದಪ್ಪಗಿದ್ದನಂತೆ. ಗೆಳೆಯರು ಗುಂಡಪ್ಪ ಎಂದು ಆಡಿಕೊಂಡದ್ದಕ್ಕೆ ಹಟ ಹಿಡಿದು ಓಡಿ ಇಳಿಸಿಕೊಂಡನಂತೆ. ತನಗೆ ನಾಚಿಕೆ ಕೆಲಸ ಮಾಡಿತು, ಎಲ್ಲರಿಗೂ ಮಾಡುತ್ತದೆ ಎಂದು ಅವನ ನಂಬಿಕೆ. ಜ್ವರ, ಸೊಂಟನೋವು, ತಲೆಸುತ್ತು ಏನೇ ಹೇಳಿಕೊಂಡು ಬಂದರೂ, ಪರದೆಯ ಆಚೆಗೆ ಎಂಬತ್ತು ದಾಟಿದ ಅಂಕಿ ಕೇಳಿಸಿತೆಂದರೆ ರೋಗಿ ಒಳಗೆ ಹೋಗುವ ಮೊದಲೇ ರೋಗ ಯಾವುದೆಂದು ತೀರ್ಮಾನವಾಗಿರುತ್ತಿತ್ತು.

ನೀಲವ್ವ ಮೊದಲ ಸಲ ಬಂದದ್ದು ಮೊಣಕಾಲು ನೋವಿಗೆ. ನಲವತ್ತನಾಲ್ಕು ವರ್ಷ, ಗಂಡ ಇಲ್ಲ, ಮಕ್ಕಳಿಲ್ಲ. ಗಂಡನ ತಮ್ಮನ ಹೆಂಡತಿ, ನೆಗೆಣ್ಣಿ ದ್ಯಾಮವ್ವನ ಜೊತೆ ಸೇರಿ ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಹಾಕುತ್ತಿದ್ದಳು. ಬೆಳಗಿನ ನಾಲ್ಕರಿಂದ ಒಲೆಯ ಮುಂದೆ ಕೂತರೆ ಹನ್ನೊಂದಕ್ಕೆ ಏಳುವುದು. ನನ್ನ ಮೇಲೆ ಹತ್ತುವ ಮೊದಲು ಚಪ್ಪಲಿ ಬಿಟ್ಟಳು, ಎಲೆಅಡಿಕೆ ಸಂಚಿ ತೆಗೆದು ದ್ಯಾಮವ್ವನ ಕೈಗೆ ಕೊಟ್ಟಳು, ಆಮೇಲೆ ನೆನಪಾಗಿ ಸೊಂಟದ ಕೀಲಿಗೊಂಚಲನ್ನೂ ಕೊಟ್ಟಳು. ಎಸ್ತೇರಕ್ಕ ತೊಂಬತ್ತನಾಲ್ಕು ಎಂದು ಒದರಿದಳು.

ಪರದೆಯ ಆಚೆಯಿಂದ ಡಾಕ್ಟರ ದನಿ ಬಂತು. "ಏನ್ ನೀಲವ್ವ, ರೊಟ್ಟಿ ಮಾರ್ತೀಯೋ, ಬಡದದ್ದೆಲ್ಲಾ ನೀನ ತಿಂತೀಯೋ?"

ಹಾಲಿನಲ್ಲಿ ಕೂತವರು ನಕ್ಕರು. ನೀಲವ್ವನೂ ನಕ್ಕಳು. "ಅರ್ಧಾ ಮಾರ್ತೀನ್ರಿ ಸರ, ಅರ್ಧಾ ನಿಮ್ಮ ಕಾಟಾಕ್ಕ ತಿನಸ್ತೀನ್ರಿ" ಎಂದಳು. ಇನ್ನೂ ಜೋರು ನಗೆ. ಅವಳು ನಗುವಾಗ ನನ್ನ ಮುಳ್ಳು ನಡುಗಲಿಲ್ಲ. ನಿಜವಾಗಿ ನಗುವವರ ಮೈ ಕುಲುಕುತ್ತದೆ, ಮುಳ್ಳು ಅಲುಗುತ್ತದೆ. ಅವಳ ಮೈ ಕಲ್ಲಿನಂತೆ ನಿಂತಿತ್ತು.

ಒಳಗೆ ಮೊಣಕಾಲನ್ನು ಯಾರೂ ಮುಟ್ಟಲಿಲ್ಲ. ದಿನಕ್ಕೆ ಎಷ್ಟು ರೊಟ್ಟಿ ತಿನ್ನುತ್ತಿ ಎಂದು ಕೇಳಿದ್ದಕ್ಕೆ ಮೂರು ಎಂದಳಂತೆ. ಗಾಳಿ ಕುಡಿದು ಯಾರೂ ಊದುವುದಿಲ್ಲ ಎಂದು ಡಾಕ್ಟರು ಅಂದರಂತೆ. ಹೊರಗೆ ಬಂದು ಸಂಚಿ ಇಸಿದುಕೊಳ್ಳುವಾಗ ಇದನ್ನು ದ್ಯಾಮವ್ವನಿಗೆ ಹೇಳಿದಳು. ಅದೇ ದಿನ ಅದೇ ಮೊಣಕಾಲು ನೋವಿಗೆ ಐವತ್ತೆಂಟು ಕಿಲೋದ ಒಬ್ಬ ಮಾಸ್ತರರು ಬಂದಿದ್ದರು. ಅವರಿಗೆ ಎಕ್ಸ್-ರೇ ಬರೆದುಕೊಟ್ಟರು.

ಎರಡು ತಿಂಗಳು ನೀಲವ್ವ ರಾತ್ರಿ ಊಟ ಬಿಟ್ಟಳು. ಮತ್ತೆ ಬಂದಾಗ ನನ್ನ ಮುಳ್ಳು ತೊಂಬತ್ತೊಂದಕ್ಕೆ ನಿಂತಿತು. ಒಲೆಯ ಮುಂದೆ ಹಸಿದುಕೊಂಡು ಮುನ್ನೂರು ರೊಟ್ಟಿ ಬಡಿದು ಇಳಿಸಿದ ಮೂರು ಕಿಲೋ ಅದು. ಅವಳು ಪರದೆಯ ಕಡೆ ನೋಡುತ್ತಾ, ಪರೀಕ್ಷೆ ಬರೆದವರ ಹಾಗೆ ಕಾದು ನಿಂತಿದ್ದಳು.

"ಮೂರ ಕಿಲೋ? ಇದಕ್ಕ ಇಳಿಯೂದು ಅಂತಾರೇನು? ದವಾಖಾನಿಗೆ ನಡಕೋತ ಬಂದೀದಿ, ಅದಕ್ಕ ಇಳದೈತಿ" ಎಂದಿತು ಆ ದನಿ.

ನೀಲವ್ವ ಹಲಗೆಯಿಂದ ಇಳಿಯುವಾಗ ಕಂಬ ಹಿಡಿದುಕೊಂಡಳು. ಕೈ ತಣ್ಣಗಿತ್ತು.

ಅದಾದ ಮೇಲೆ ಅವಳು ನನ್ನ ಮೇಲೆ ನಿಲ್ಲಲಿಲ್ಲ. ಆ ಸಲ ಬರೆದುಕೊಟ್ಟ ಬಿ.ಪಿ. ಗುಳಿಗೆಗಾಗಿ ತಿಂಗಳಿಗೊಮ್ಮೆ ಬರಲೇಬೇಕಿತ್ತು. ಬಂದಾಗ ನನ್ನಿಂದ ನಾಲ್ಕು ಹೆಜ್ಜೆ ದೂರ ನಿಂತು ಚಪ್ಪಲಿ ಬಿಡದೆ ನೆಲ ನೋಡುತ್ತಿದ್ದಳು. ಎಸ್ತೇರಕ್ಕ ಅದನ್ನು ನೋಡಿದಳು. ಅವಳೂ ತೆಳ್ಳಗಿನ ಹೆಂಗಸಲ್ಲ. ದನಿ ತಗ್ಗಿಸಿ, "ನಿಲ್ಲಬ್ಯಾಡ ಬಿಡವ್ವಾ, ಹಿಂದಿನದ ಬರಕೋತೀನಿ" ಎಂದಳು. ಆಮೇಲೆ ಪರದೆಯ ಕಡೆ ತಿರುಗಿ ತೊಂಬತ್ತೊಂದು ಎಂದು ಒದರಿದಳು. ನನ್ನ ಹಲಗೆ ಖಾಲಿ ಇತ್ತು, ಮುಳ್ಳು ಸೊನ್ನೆಯ ಮೇಲಿತ್ತು. ನನ್ನ ಹೆಸರಿನಲ್ಲಿ ಹುಟ್ಟಿದ ಮೊದಲ ಸುಳ್ಳು ಅದು. ಹುಟ್ಟಿಸಿದ್ದು ಒಳ್ಳೆಯ ಮನಸ್ಸು.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ವರ್ಷ ತುಂಬುವುದರೊಳಗೆ ದಪ್ಪಗಿನ ಹೆಂಗಸರು ಯಾರೂ ನನ್ನ ಮೇಲೆ ನಿಲ್ಲುತ್ತಿರಲಿಲ್ಲ. ಎಲ್ಲರಿಗೂ ಹಿಂದಿನದೇ. ನೀಲವ್ವನ ಚೀಟಿಯಲ್ಲಿ ತೊಂಬತ್ತೊಂದು, ತೊಂಬತ್ತೊಂದು, ತೊಂಬತ್ತೊಂದು ಎಂದು ಸಾಲು ಬೆಳೆಯಿತು. ಒಬ್ಬ ಹೆಂಗಸಿನ ತೂಕ ಹನ್ನೊಂದು ತಿಂಗಳು ಒಂದು ಕಿಲೋ ಕೂಡ ಹೆಚ್ಚುಕಡಿಮೆ ಆಗದಿರುವುದು ಹೇಗೆ ಎಂದು ಬರೆದುಕೊಂಡವರಿಗೆ ಅನುಮಾನ ಬರಲಿಲ್ಲ. ಚೀಲದ ವ್ಯಾಪಾರಿಯಾಗಿದ್ದರೆ ಬರುತ್ತಿತ್ತು.

ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿದ ರೊಟ್ಟಿಗೆ ಬೇಡಿಕೆ ಹೆಚ್ಚು. ಆ ದಿನಗಳಲ್ಲೇ ನೀಲವ್ವನಿಗೆ ಉಸಿರು ಹತ್ತಲು ಶುರುವಾಯಿತು. ಮೊದಲು ಮೆಟ್ಟಿಲು ಹತ್ತಿದರೆ, ಆಮೇಲೆ ಅಂಗಳದಲ್ಲಿ ನಡೆದರೆ, ಆಮೇಲೆ ಮಲಗಿದರೆ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಮೊಣಕಾಲು ನೋವಿಗೆಂದು ಕಾಲ್ಬೆರಳಿಗೆ ಹಾಕಿದ್ದ ತಾಮ್ರದ ಉಂಗುರ ಕಚ್ಚಿ ಹಿಡಿದು, ಅಕ್ಕಸಾಲಿಗರನ್ನು ಕರೆಸಿ ಕತ್ತರಿಸಬೇಕಾಯಿತು. ಇಷ್ಟನ್ನೂ ದ್ಯಾಮವ್ವ ಬೆಂಚಿನ ಮೇಲೆ ಪಕ್ಕದವಳಿಗೆ ಹೇಳುತ್ತಿದ್ದದ್ದನ್ನು ನಾನು ಕೇಳಿಸಿಕೊಂಡೆ. ನೀಲವ್ವ ಒಳಗೆ ಡಾಕ್ಟರಿಗೆ ಇದರಲ್ಲಿ ಒಂದೇ ಒಂದು ಮಾತು ಹೇಳಿದಳು: ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಹತ್ತುತ್ತದೆ. ಡಾಕ್ಟರು ಚೀಟಿ ನೋಡಿದರು. ತೂಕ ಅಷ್ಟೇ ಇದೆ, ಇಳಿದೂ ಇಲ್ಲ, ಏರಿಯೂ ಇಲ್ಲ, ಹೊಸದೇನೂ ಆಗಿಲ್ಲ, ಇಷ್ಟು ಮೈ ಹೊತ್ತುಕೊಂಡು ನಡೆದರೆ ಉಸಿರು ಹತ್ತದೆ ಇನ್ನೇನು ಎಂದರು. ಗ್ಯಾಸಿನ ಗುಳಿಗೆ ಬರೆದರು. ಹತ್ತು ಕಿಲೋ ಇಳಿಸಿಕೊಂಡು ಬಾ, ಆಮೇಲೆ ಮುಂದಿನದು ನೋಡೋಣ ಎಂದರು. ಉಂಗುರದ ಸಂಗತಿ ಹೇಳಲು ಅವಳಿಗೆ ನಾಚಿಕೆಯಾಯಿತಂತೆ. ಬೆರಳೂ ದಪ್ಪ ಆದವೇನು ಎಂದು ಹೊರಗಿನವರಿಗೆಲ್ಲ ಕೇಳುವಂತೆ ಡಾಕ್ಟರು ಅಂದರೆ?

ಎರಡು ವಾರದ ಮೇಲೆ ಅವಳು ಮತ್ತೆ ಬಂದ ದಿನ ಬೆಂಚುಗಳು ತುಂಬಿದ್ದವು. ರಸ್ತೆಯಿಂದ ಬಾಗಿಲವರೆಗೆ ಬರುವಷ್ಟರಲ್ಲಿ ಎರಡು ಸಲ ನಿಂತಿದ್ದಳು. ಒಳಗೆ ಬಂದವಳು ಸುತ್ತ ನೋಡಿದಳು, ಎಲ್ಲೂ ಜಾಗ ಇರಲಿಲ್ಲ. ನನ್ನ ಹಲಗೆ ನೆಲದಿಂದ ಒಂದು ಗೇಣು ಎತ್ತರ. ಅದರ ಮೇಲೆ ಕುಸಿದು ಕೂತು ಕಂಬಕ್ಕೆ ಬೆನ್ನು ಕೊಟ್ಟಳು.

ಮುಳ್ಳು ಓಡಿತು. ತೊಂಬತ್ತೊಂದನ್ನು ದಾಟಿತು. ನೂರನ್ನು ದಾಟಿತು. ನೂರಾ ಮೂರಕ್ಕೆ ಬಂದು, ಅವಳ ಒಂದೊಂದು ಉಸಿರಿಗೂ ನಡುಗುತ್ತಾ ನಿಂತಿತು.

ಅವಳ ತೋಳು ಬಡಕಲಾಗಿತ್ತು, ಕತ್ತಿನ ಎಲುಬು ಕಾಣುತ್ತಿತ್ತು. ಹನ್ನೆರಡು ಕಿಲೋ ಎಲ್ಲಿಂದ ಬಂತು? ನನಗೆ ಗೊತ್ತಿತ್ತು. ಒಂಬತ್ತು ವರ್ಷ ಒದ್ದೆ ಚೀಲ ಹೊತ್ತ ಹಲಗೆ ನನ್ನದು. ಅದು ನೀರು. ಆದರೆ ಕೈ ಹಾಕಿ ಹಿಚುಕಿ ನೋಡುವವರು ಆ ಹಾಲಿನಲ್ಲಿ ಯಾರೂ ಇರಲಿಲ್ಲ. ಎಸ್ತೇರಕ್ಕ ಮೂರು ಅಡಿ ದೂರದಲ್ಲಿ ನನಗೆ ಬೆನ್ನು ಮಾಡಿ ನಿಂತು ಚೀಟಿಯಲ್ಲಿ ತೊಂಬತ್ತೊಂದು ಎಂದು ಬರೆಯುತ್ತಿದ್ದಳು.

ನೋಡಿದವಳು ದ್ಯಾಮವ್ವ ಒಬ್ಬಳೇ. ಬಗ್ಗಿ ನೀಲವ್ವನ ಕಿವಿಯ ಹತ್ತಿರ, "ಅಕ್ಕಾ, ನೂರಾ ಮೂರು ತೋರಸಾಕ ಹತ್ತೈತಿ" ಎಂದಳು.

ನೀಲವ್ವ ಕಣ್ಣು ಮುಚ್ಚಿಕೊಂಡೇ ಅಂದಳು. "ಸುಮ್ನಿರು. ಒಳಗ ಕೇಳತೈತಿ. ಅದರ ಮ್ಯಾಲ ಏನರ ಹಾಕು."

ದ್ಯಾಮವ್ವ ತನ್ನ ಕೈಚೀಲವನ್ನು ನನ್ನ ಮುಖದ ಮೇಲೆ ತೂಗಹಾಕಿದಳು. ನೀಲವ್ವನ ಸರದಿ ಬರುವವರೆಗೂ ಅರ್ಧ ತಾಸು ನಾನು ಕತ್ತಲಲ್ಲಿ ನೂರಾ ಮೂರು ಎಂದು ಹೇಳುತ್ತಲೇ ಇದ್ದೆ. ಒಳಗೆ ಅವಳಿಗೆ ಸಿಕ್ಕಿದ್ದು ಅದೇ ಗುಳಿಗೆ, ಅದೇ ಮಾತು.

ನಾಲ್ಕನೇ ದಿನ ಅವಳನ್ನು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದರು. ಮುಂದಿನದು ನಾನು ಕಂಡದ್ದಲ್ಲ, ದ್ಯಾಮವ್ವ ಎಸ್ತೇರಕ್ಕನಿಗೆ ಹೇಳಿದ್ದು. ಅಲ್ಲಿ ಒಬ್ಬ ಡಾಕ್ಟರಮ್ಮ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ಕಾಲು ಮುಟ್ಟಲೇ ಎಂದು ಕೇಳಿ, ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದರಂತೆ. ಒತ್ತಿದ ಕುಳಿ ಹಾಗೇ ನಿಂತಿತಂತೆ. ಹೃದಯ ದುರ್ಬಲವಾಗಿ ಮೈಯಲ್ಲಿ ನೀರು ತುಂಬಿದೆ, ಇದು ಕೊಬ್ಬಲ್ಲ, ಇದರಲ್ಲಿ ನಿಮ್ಮ ತಪ್ಪಿಲ್ಲ ಎಂದರಂತೆ. ದಿನಾ ಬೆಳಿಗ್ಗೆ ಪರದೆ ಎಳೆದು ತೂಕ ನೋಡಿ, ಅಂಕಿಯನ್ನು ಅವಳೊಬ್ಬಳಿಗೇ ಹೇಳುತ್ತಿದ್ದರಂತೆ. ಆಮೇಲೆ, ನಿಮಗೆ ಒಪ್ಪಿಗೆ ಇದ್ದರೆ ಊಟದ ವಿಷಯ ಇನ್ನೊಂದು ದಿನ ಮಾತಾಡೋಣ, ಮೊದಲು ಉಸಿರು ಸರಿಯಾಗಲಿ ಎಂದರಂತೆ. ನೀಲವ್ವ ಆರು ದಿನ, ಯಾರೂ ಕರೆಯುವ ಮೊದಲೇ ಎದ್ದು ಹೋಗಿ ತೂಕಕ್ಕೆ ನಿಂತಳಂತೆ. ಏಳನೆಯ ದಿನ ಏಳಲಿಲ್ಲ. ಒಂದು ತಿಂಗಳು ಮೊದಲು ತರಬೇಕಿತ್ತು ಎಂದು ಡಾಕ್ಟರಮ್ಮ ಹೇಳಿದರಂತೆ.

ಆ ದಿನ ನನ್ನ ಮುಳ್ಳು ನೂರಾ ಮೂರಕ್ಕೆ ನಿಂತದ್ದನ್ನೂ ದ್ಯಾಮವ್ವ ಹೇಳಿದಳು. ಇಷ್ಟೂ ಮಾತು ಪರದೆಯ ಆಚೆಗೂ ಕೇಳಿಸಿತು. ಡಾಕ್ಟರ್ ಚನ್ನವೀರ ಹೊರಗೆ ಬಂದ. ಚೀಟಿ ತರಿಸಿ ನೋಡಿದ, ಎಸ್ತೇರಕ್ಕನನ್ನು ನೋಡಿದ, ಅವಳು ತಲೆ ತಗ್ಗಿಸಿದಳು. ಆಮೇಲೆ ದ್ಯಾಮವ್ವನ ಕಡೆ ತಿರುಗಿದ.

"ತೂಕ ಏರೈತಿ ಅಂತ ನೀವರೆ ನನಗ ಹೇಳಬೇಕಿಲ್ಲೇನು?"

"ಹೇಳಿದ್ರ ಬೈತಿದ್ರಿ" ಎಂದಳು ದ್ಯಾಮವ್ವ.

ದನಿ ಏರಿಸಿರಲಿಲ್ಲ. ಹಾಲಿನಲ್ಲಿ ಆ ದಿನ ಯಾರೂ ನಗಲಿಲ್ಲ. ಡಾಕ್ಟರ್ ಚನ್ನವೀರ ಚೀಟಿ ಹಿಡಿದುಕೊಂಡೇ ಒಳಗೆ ಹೋದ.

ಮರುವಾರ ನನ್ನನ್ನು ತೆಗೆದುಹಾಕಿದರು. ಹಳೇ ಕಾಟಾ, ಸ್ಪ್ರಿಂಗು ಸಡಿಲಾಗಿ ತಪ್ಪು ತೋರಿಸುತ್ತಿತ್ತು ಎಂದು ಬಂದವರಿಗೆಲ್ಲ ಹೇಳಿದರಂತೆ. ನನ್ನ ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ. ನನ್ನ ಜಾಗಕ್ಕೆ ಹೊಸ ಮಷಿನ್ ಬಂತು. ಅದರ ಅಂಕಿಗಳು ಕೆಂಪು, ಕೊನೆಯ ಬೆಂಚಿನವರಿಗೂ ಕಾಣುತ್ತವೆ. ಈಗ ಒದರುವ ಕೆಲಸವೂ ಇಲ್ಲ.

ನಾನು ಮೆಹಬೂಬಸಾಬರ ಗುಜರಿ ಅಂಗಡಿಯಲ್ಲಿದ್ದೇನೆ. ಹಳೇ ಕಬ್ಬಿಣ, ರದ್ದಿ, ತಗಡು ತೂಗುತ್ತೇನೆ. ನೀಲಿ ಬಣ್ಣ ಸಿಪ್ಪೆ ಎದ್ದಿದೆ, ಗಾಜು ಸೀಳಿದೆ. ಇಲ್ಲಿಗೆ ಬಂದ ವಸ್ತು ಏಕೆ ಇಷ್ಟು ಭಾರ ಎಂದು ಯಾರೂ ಅದನ್ನು ಹಂಗಿಸುವುದಿಲ್ಲ.

ಹೋದ ತಿಂಗಳು ದ್ಯಾಮವ್ವ ಬಂದಿದ್ದಳು. ಒಬ್ಬಳ ಕೈಯಲ್ಲಿ ಮುನ್ನೂರು ರೊಟ್ಟಿ ಆಗುವುದಿಲ್ಲ. ನೀಲವ್ವನ ಕಬ್ಬಿಣದ ಒಲೆ, ರೊಟ್ಟಿ ಸುಡುವ ಎರಡು ಹಂಚು ಗುಜರಿಗೆ ಹಾಕಿ ಹೋಗಲು ಬಂದಿದ್ದಳು. ನನ್ನನ್ನು ನೋಡಿದಳು, ಗುರುತು ಹಿಡಿದಳು. ತೂಗುವವರೆಗೂ ಬೇರೆ ಕಡೆ ಮುಖ ಮಾಡಿ ನಿಂತಳು. ಅವಳಿಗೂ ಈಗ ಮೈ ಬಂದಿದೆ, ಕುಂಟುತ್ತಾಳೆ. ಮೆಹಬೂಬಸಾಬರ ಹೆಂಡತಿ ಕಾಲು ಯಾಕೆ ಹಾಗೆ ಎಂದು ಕೇಳಿದಳು, ಡಾಕ್ಟರಿಗೆ ತೋರಿಸು ಎಂದಳು.

"ಏನಂತಾರ ಅನ್ನೂದು ಗೊತ್ತೈತಲ್ಲವಾ" ಎಂದಳು ದ್ಯಾಮವ್ವ. "ಅದನ್ನ ಕೇಳಾಕ ಅಲ್ಲೀ ಮಟಾ ಯಾಕ ಹೋಗ್ಲಿ?"

ಸೆರಗು ಬಿಗಿದುಕೊಂಡು ಹೊರಟಳು. ಗೇಟಿನ ಹತ್ತಿರ ನಿಂತಳು, ಒಂದು ಕೈ ಕಂಬಕ್ಕೆ ಊರಿದಳು. ದಾರಿಯಲ್ಲಿ ಯಾರನ್ನಾದರೂ ಕಂಡು ನಿಂತಳೋ, ಮೊಣಕಾಲು ನೋಯಿತೋ, ಉಸಿರು ಹತ್ತಿತೋ, ನನಗೆ ತಿಳಿಯಲಿಲ್ಲ. ನನಗೆ ತೂಕವಷ್ಟೇ ಗೊತ್ತಾಗುತ್ತದೆ. ಅದೂ ಮೇಲೆ ಬಂದು ನಿಂತರೆ.